ಕಡಿಯುವ ಮೊದಲು ಕಾಟುಮಾವಿಗೆ ಕಸಿ ಕಟ್ಟಿ

ಬದಿಯಡ್ಕದ ನಮ್ಮ ಮನೆಯ ದಾರಿಬದಿಯಲ್ಲಿ ಒಂದು ಕಾಟುಮಾವಿನ, ಅಂದರೆ ಕಾಡುಮಾವಿನ ಮರ ಇತ್ತು. ಹಣ್ಣು ಸಣ್ಣದು, ನಾರು ಜಾಸ್ತಿ. ಆದರೆ ಅಮ್ಮ ಸಾಸಿವೆ, ತೆಂಗಿನಕಾಯಿ ಅರೆದು ಮಾಡುವ ಸಾಸಮೆಗೆ ಅದೇ ಆಗಬೇಕು. ರಸ್ತೆ ಅಗಲ ಮಾಡಲು ಅದನ್ನು ಕಡಿಯುತ್ತಾರೆ ಎಂದು ಗೊತ್ತಾದ ಮೇಲೆ ನಾನು ಕಸಿ ಕಟ್ಟಲು ಕಲಿತೆ. ಗೊರಟು ನೆಟ್ಟರೆ ಸಾಕಲ್ವಾ ಎಂದು ಹಲವರು ಕೇಳುತ್ತಾರೆ. ಗೊರಟಿನ ಗಿಡದಲ್ಲಿ ಅದೇ ರುಚಿ ಬರುತ್ತದೆ ಎಂದು ನಂಬುವ ಹಾಗಿಲ್ಲ. ಫಲಕ್ಕೂ ತುಂಬಾ ವರ್ಷ ಕಾಯಬೇಕು.

ಕಸಿಯಲ್ಲಿ ಗೊರಟಿನ ಸಸಿ ಬೇರಿಗೆ ಮಾತ್ರ, ಅದರ ಮೇಲೆ ನಮಗೆ ಬೇಕಾದ ಮರದ ಕಡ್ಡಿ ಕೂರಿಸುವುದು. ಮಳೆ ಶುರುವಾಗುವಾಗ ಊರ ಮಾವಿನ ಹೊಸ ಗೊರಟುಗಳನ್ನು ಮಣ್ಣು ತುಂಬಿದ ತೊಟ್ಟೆಗಳಿಗೆ (ಪ್ಲಾಸ್ಟಿಕ್ ಚೀಲಗಳಿಗೆ) ಹಾಕಿ. ಮೊಳಕೆ ಬಂದು 10–15 ದಿನ, ಎಲೆ ಇನ್ನೂ ತಾಮ್ರದ ಬಣ್ಣದಲ್ಲಿ ಇರುವಾಗ ಕಸಿ ಕಟ್ಟಲು ಹದ.

ಕೆಲಸ ಕೆಡುವುದು ಹೆಚ್ಚಾಗಿ ಕಡ್ಡಿಯಲ್ಲಿ. ಮೊದಲ ವರ್ಷ ನಾನು ಎಳೆ ಕುಡಿಗಳನ್ನೇ ಕೊಯ್ದು ಕಟ್ಟಿದೆ. 10 ಗಿಡವೂ ಒಣಗಿದವು. ಪುಣ್ಯಕ್ಕೆ ಮರ ಇನ್ನೊಂದು ವರ್ಷ ಉಳಿದಿತ್ತು. ಫಲ ಕೊಡುವ ಗೆಲ್ಲಿನ (ಕೊಂಬೆಯ) ತುದಿ ಬೇಕು, ಸುಮಾರು 4 ತಿಂಗಳು ಬಲಿತದ್ದು, ಸಸಿಯಷ್ಟೇ ದಪ್ಪದ್ದು. ಕೊಯ್ಯುವ ಒಂದು ವಾರ ಮೊದಲೇ ಮರದಲ್ಲಿಯೇ ಅದರ ಎಲೆ ಕತ್ತರಿಸಿ, ತೊಟ್ಟು ಮಾತ್ರ ಬಿಡಿ. ತೊಟ್ಟು ಉದುರಿ ತುದಿಯ ಮೊಗ್ಗು ಉಬ್ಬುತ್ತದೆ. ಆಗ 10–15 ಸೆಂಟಿಮೀಟರ್ ಉದ್ದಕ್ಕೆ ಕೊಯ್ದು ಅದೇ ದಿನ ಕಟ್ಟಿ.

ಬ್ಲೇಡ್ ಹೊಸದೇ ಇರಲಿ. ಸಸಿಯ ತಲೆ ಕತ್ತರಿಸಿ, ಕಾಂಡವನ್ನು ನಡುವೆ 4 ಸೆಂಟಿಮೀಟರ್ ಸೀಳಿ. ಕಡ್ಡಿಯ ಬುಡವನ್ನು ಎರಡೂ ಕಡೆಯಿಂದ ಬೆಣೆಯ ಹಾಗೆ ಚೂಪು ಮಾಡಿ ಸೀಳಿನೊಳಗೆ ಇಳಿಸಿ. ಸಿಪ್ಪೆಗೆ ಸಿಪ್ಪೆ ಸೇರಬೇಕು. ಕಡ್ಡಿ ಸಪೂರ ಇದ್ದರೆ ನಡುವೆ ಇಡಬೇಡಿ, ಒಂದು ಬದಿಯಾದರೂ ಸರಿಯಾಗಿ ಕೂಡಲಿ. ಕೊಯ್ದ ಜಾಗವನ್ನು ಬೆರಳಿನಿಂದ ಮುಟ್ಟಬಾರದು. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲಿನಿಂದ ಐಸ್‌ಕ್ಯಾಂಡಿಯ ಉದ್ದ ತೊಟ್ಟೆ ಹಾಕಿ ಕೆಳಗೆ ಕಟ್ಟಿ. ಒಳಗೆ ಪಸೆ ಉಳಿಯುತ್ತದೆ.

ನೆರಳಲ್ಲಿಡಿ, ಆಟಿ ತಿಂಗಳ (ಜುಲೈ–ಆಗಸ್ಟ್‌ನ) ಮಳೆ ನೇರ ಬೀಳದ ಹಾಗೆ. ಬುಡದಲ್ಲಿ ನೀರು ನಿಂತರೆ ಗೊರಟು ಕೊಳೆಯುತ್ತದೆ. ಮೂರು ನಾಲ್ಕು ವಾರದಲ್ಲಿ ಚಿಗುರು ಕಂಡಾಗ ಐಸ್‌ಕ್ಯಾಂಡಿ ತೊಟ್ಟೆ ತೆಗೆಯಿರಿ. ಪಟ್ಟಿ ಮಾತ್ರ ಎರಡು ತಿಂಗಳಾದರೂ ಇರಲಿ. ಕಸಿಯ ಕೆಳಗೆ ಬರುವ ಚಿಗುರನ್ನು ಆಗಾಗ ಚಿವುಟಿ. ಅದು ಗೊರಟಿನ ಗಿಡದ್ದು, ಬಿಟ್ಟರೆ ನಿಮ್ಮ ಕಡ್ಡಿಯನ್ನು ಮೀರಿ ಬೆಳೆಯುತ್ತದೆ.

ಎರಡನೇ ವರ್ಷ ಕಟ್ಟಿದ್ದರಲ್ಲಿ 6 ಗಿಡ ಹಿಡಿದವು. ಎರಡನ್ನು ನಮ್ಮ ಹಿತ್ತಿಲಲ್ಲಿ ನೆಟ್ಟೆ, ಕಸಿಯ ಗಂಟು ಮಣ್ಣಿಗಿಂತ ಮೇಲೆ ಇರುವ ಹಾಗೆ. ಉಳಿದವು ನೆಂಟರ ಮನೆಗಳಿಗೆ ಹೋದವು, ಒಂದೇ ಕಡೆ ಇದ್ದು ಸತ್ತರೆ ಮತ್ತೆ ಎಲ್ಲಿಂದ ತರುವುದು? ಮೊದಲ ಎರಡು ವರ್ಷ ಹೂ ಬಂದರೆ ತೆಗೆದುಬಿಡಿ, ಗಿಡ ಗಟ್ಟಿಯಾಗಲಿ. ನನಗೆ ಎಲ್ಲ ತೆಗೆಯಲು ಮನಸ್ಸು ಬರಲಿಲ್ಲ. ಒಂದು ಮಿಡಿ ಬಿಟ್ಟೆ. ಅಮ್ಮ ಅದರ ತೊಟ್ಟು ಮುರಿದು ಸೊನೆ ಮೂಸಿ ನೋಡಿ, ಅದೇ ಮರ ಎಂದರು.