ಗೋವಾ ರೂಪಾಯಿಯನ್ನು ನೀರಿಗಿಳಿಸಿ ಬೆಲೆ ಕಟ್ಟಿದ್ದು: ನನ್ನ ಅನುಭವ

"ನಾಣ್ಯಕ್ಕೆ ಯಾರಾದರೂ ಸ್ನಾನ ಮಾಡಿಸಿ ಕೊಳ್ಳುತ್ತಾರೇನೋ ಮಾರಾಯಾ?" ಅಂತ ಕಾರವಾರದ ನಮ್ಮ ಗೆಳೆಯರು ನಕ್ಕು ಆರೇಳು ವರ್ಷವಾಯಿತು. ಹಳೇ ಬೆಳ್ಳಿ ನಾಣ್ಯ ಅಸಲಿಯೋ ಖೋಟಾವೋ ಅಂತ ನಾನು ನೀರಿಗಿಳಿಸಿ ತೂಗಿ ನೋಡುತ್ತೇನೆ, ಅದಕ್ಕೆ ಆ ನಗು. ಈಗ ಅವರೇ ನಾಣ್ಯಗಳ ಪೊಟ್ಟಣ ಕಟ್ಟಿಕೊಂಡು ಮನೆಗೆ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಾಣ್ಯ ಹಿಡಿಯೋದು ಹೇಗೆ, ವಿಎಫ್ ಯಾವುದು ಎಕ್ಸ್‌ಎಫ್ ಯಾವುದು (ನಾಣ್ಯ ಎಷ್ಟು ಸವೆದಿದೆ ಅನ್ನೋ ದರ್ಜೆಗಳು) ಅನ್ನೋದೆಲ್ಲ ನಿಮಗೆ ಗೊತ್ತಿರೋದೇ, ಬಿಡಿ.

ನನ್ನ ಹುಚ್ಚು ಪೋರ್ಚುಗೀಸರ ನಾಣ್ಯದ್ದು, ಅದರಲ್ಲೂ ಗೋವಾ ರೂಪಾಯಿಯದ್ದು. ಗಡಿ ಇಲ್ಲೇ ಇದೆಯಲ್ಲ, ನಮ್ಮ ಕಡೆ ಹಳೇ ಪೆಟ್ಟಿಗೆಗಳಲ್ಲಿ ಒಂದೆರಡಾದರೂ ಸಿಗುತ್ತವೆ. ಇಲ್ಲದಿದ್ದರೆ ಬೆಳ್ಳಿ ಕರಗಿಸುವ ಶೇಟ್ರ ಅಂಗಡಿ. ಬ್ರಿಟಿಷರ ಜೊತೆ 1880ರ ಒಪ್ಪಂದ ಆದಮೇಲೆ ಗೋವಾದ 1881, 1882ರ ಬೆಳ್ಳಿ ನಾಣ್ಯ ಅಚ್ಚಾಗಿದ್ದು ಬ್ರಿಟಿಷರ ಕಲ್ಕತ್ತಾ ಟಂಕಸಾಲೆಯಲ್ಲಿ. ತೂಕ ವಿಕ್ಟೋರಿಯಾ ರಾಣಿ ರೂಪಾಯಿಯದ್ದೇ, 11.66 ಗ್ರಾಂ. ಬೆಳ್ಳಿಯೂ ಅಷ್ಟೇ, ಸಾವಿರಕ್ಕೆ 917. ಹಾಗಾಗಿ ಶೇಟ್ರಿಗೆ ಎರಡೂ ಒಂದೇ ಲೆಕ್ಕ. "ರಾಣಿ ಇದ್ರೇನು, ರಾಜ ಇದ್ರೇನು, ಮೂಸೆಗೆ ಎಲ್ಲಾ ಒಂದೇ" ಅಂತ ಅವರು ಹೇಳಿದ ದಿನವೇ ನನ್ನ ತಲೆಯಲ್ಲಿ ದೀಪ ಹತ್ತಿದ್ದು. ಅವರಿಗೆ ಒಂದೇ ಆದರೆ ನನಗೆ ಬೆಳ್ಳಿ ರೇಟಿಗೇ ಸಿಗಬೇಕಲ್ವಾ?

ಅದಕ್ಕೂ ಮೊದಲು ಏಟು ತಿಂದಿದ್ದೆ. ಒಂದು ನಾಣ್ಯ ಮೇಳದಲ್ಲಿ 1881ರ ರೂಪಾಯಿ ಕೊಂಡೆ, ಪೋರ್ಚುಗಲ್ಲಿನ ದೊರೆ ಲೂಯಿಸ್‌ನದ್ದು. ಸುಮಾರು 3,800 ಕೊಟ್ಟ ನೆನಪು. ಬಣ್ಣ ಚೆನ್ನಾಗಿತ್ತು, ಬೆರಳ ತುದಿಯಲ್ಲಿಟ್ಟು ತಟ್ಟಿದರೆ ಟಿಣ್ ಅಂತಲೂ ಅಂದಿತ್ತು. ಮನೆಗೆ ಬಂದು ತೂಗಿದರೆ 10.9 ಗ್ರಾಂ. ಫೋನ್ ಮಾಡಿದೆ. "ನೂರಾ ಮೂವತ್ತು ನಾಲ್ವತ್ತು ವರ್ಷ ಆಯ್ತಲ್ಲ ಸಾರ್, ಸವೆದಿದೆ" ಅಂದರು. ನಾನೂ ತಲೆ ಆಡಿಸಿ ಸುಮ್ಮನಾದೆ. ಎರಡು ದಿನ ಬಿಟ್ಟು ಲೆನ್ಸ್ ಹಿಡಿದಾಗ ದೊರೆಯ ತಲೆಗೂದಲು ಎಳೆ ಎಳೆಯಾಗಿ ನಿಂತಿತ್ತು. ಮುಕ್ಕಾಲು ಗ್ರಾಂ ಸವೆದ ನಾಣ್ಯದಲ್ಲಿ ಮೊದಲು ಹೋಗಬೇಕಾದ್ದೇ ಕೂದಲು! ದುಡ್ಡು ವಾಪಸ್ ಬರಲಿಲ್ಲ. ಆ ನಾಣ್ಯ ಇವತ್ತಿಗೂ ನನ್ನ ತಕ್ಕಡಿ ಡಬ್ಬಿಯಲ್ಲೇ ಇದೆ, ಗುರುವಿನ ಹಾಗೆ.

ನೀರಿನ ವಿಚಾರಕ್ಕೆ ಬರೋಣ. ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡೋದು, ನಾಣ್ಯವನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದ ಹಾಗೆ ಇಳಿಬಿಡೋದು. ಆಗ ಬರುವ ಅಂಕೆ ನಾಣ್ಯ ಸರಿಸಿದ ನೀರಿನ ತೂಕ. ಅದರಿಂದ ಒಣ ತೂಕವನ್ನು ಭಾಗಿಸಿದರೆ ಲೋಹದ ಸಾಂದ್ರತೆ ಸಿಕ್ಕಿತು, ಮುಗೀತು. ಒಳ್ಳೆ ರೂಪಾಯಿಗೆ 1.13ರ ಆಸುಪಾಸು ಬರಬೇಕು, ಅಂದರೆ ಭಾಗಾಕಾರ 10.3. ನನ್ನ 3,800ರ ದೊರೆ 1.22 ತೋರಿಸಿದ. ಭಾಗಿಸಿದರೆ ಒಂಬತ್ತೂ ಇಲ್ಲ, ತಾಮ್ರ-ನಿಕ್ಕಲ್‌ನ ಲೆಕ್ಕ.

ಹೇಳೋದು ಸುಲಭ. ನನಗೆ ಕೈ ಕೂರೋಕೆ ಒಂದು ಮಳೆಗಾಲ ಹಿಡಿಯಿತು. ಮೊದಲು ತಂದ ನಾನೂರು ರೂಪಾಯಿಯ ತಕ್ಕಡಿ ದಶಾಂಶದ ಒಂದೇ ಅಂಕೆ ತೋರಿಸುತ್ತಿತ್ತು. ಒಳ್ಳೇದೂ 1.1, ಒಮ್ಮೊಮ್ಮೆ ಕೆಟ್ಟದ್ದೂ 1.2, ಏನು ಹೇಳೋಣ? ಸಾವಿರ ಕೊಟ್ಟು ಎರಡಂಕೆಯದ್ದು ತಂದೆ. ಹೊಲಿಗೆ ದಾರ ನೀರು ಕುಡಿದು ಲೆಕ್ಕ ಕೆಡಿಸಿತು. ಕೊನೆಗೆ ಬೈತಖೋಲದಲ್ಲಿ ಮೀನು ಹಿಡಿಯುವವರ ಹತ್ತಿರ ಸಣ್ಣ ತಂಗೂಸಿ (ಗಾಳದ ನೈಲಾನ್ ಎಳೆ) ಇಸ್ಕೊಂಡು ಬಂದೆ, ಅದು ಸರಿಹೋಯಿತು. ಅಕ್ಷರಗಳ ಸಂದಿಯಲ್ಲಿ ಗುಳ್ಳೆ ಕೂತರೂ ಮೋಸ. ಅದಕ್ಕೆ ನೀರಿಗೆ ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್. ಫ್ಯಾನ್ ಆಫ್ ಮಾಡಲೇಬೇಕು, ಇದನ್ನು ಕಂಡುಹಿಡಿದದ್ದು ನನ್ನ ಹೆಂಡತಿ. ತಂಗೂಸಿಗೆ ನಾನು ಹಾಕುವ ಗಂಟು ಒಂದಿದೆ, ನಾಣ್ಯದ ಅಂಚಿಗೆ ಗೀರು ಬೀಳದೆ ಅಡ್ಡಡ್ಡ ನಿಲ್ಲುತ್ತದೆ. ಅದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಸಣ್ಣ ನಾಣ್ಯದಲ್ಲಿ ಮತ್ತೆ ಪೇಚಾಟ. ಲಿಸ್ಬನ್ನಿನಲ್ಲಿ ಕೆಲಸಕ್ಕಿರುವ ನಮ್ಮ ಅಣ್ಣನ ಮಗ ಅಲ್ಲಿನ ಫೇರಾ ದ ಲಾದ್ರಾ ಸಂತೆಯಿಂದ ಹಡಗಿನ ಚಿತ್ರದ ಎಸ್ಕುಡೊ ಅನ್ನೋ ಪೋರ್ಚುಗಲ್ ನಾಣ್ಯಗಳನ್ನು ತಂದಿದ್ದ, 1930-40ರ ದಶಕದವು. ಐದು ಎಸ್ಕುಡೊ 7 ಗ್ರಾಂ, ಬೆಳ್ಳಿ ಸಾವಿರಕ್ಕೆ 650. ಎರಡೂವರೆ ಎಸ್ಕುಡೊ ಬರೀ 3.5 ಗ್ರಾಂ. ಅಷ್ಟು ಸಣ್ಣದರಲ್ಲಿ ತಕ್ಕಡಿ ಒಂದು ಅಂಕೆ ಆಚೀಚೆ ಆದರೂ ಉತ್ತರ ಎಲ್ಲಿಗೋ ಹೋಗುತ್ತದೆ. ಒಂದೇ ಜಾತಿಯ ಐದನ್ನು ಒಟ್ಟಿಗೆ ಬಲೆಯ ತುಂಡಿನಲ್ಲಿ ಕಟ್ಟಿ ಇಳಿಸಿದೆ (ಬಲೆಯನ್ನು ಮೊದಲೇ ನೀರಲ್ಲಿ ಇಳಿಬಿಟ್ಟು ಸೊನ್ನೆ ಮಾಡಿಕೊಳ್ಳಬೇಕು). 9.9ಕ್ಕೆ ಹತ್ತಿರ ಬಂತು, ಅಷ್ಟೇ ಬರಬೇಕಾದ್ದು. ಐದರಲ್ಲಿ ಒಂದು ಖೋಟಾ ಇದ್ದರೂ ಮೊತ್ತ ಜಾರುತ್ತದೆ, ಆಗ ಒಂದೊಂದಾಗಿ ಕಳೆದು ನೋಡೋದು.

ಗೋವಾದ್ದೇ 1947 ಮತ್ತು 1952ರ ರೂಪಾಯಿಗೆ ನೀರೂ ಬೇಡ. 1947ರದ್ದರಲ್ಲಿ ಅರ್ಧ ಬೆಳ್ಳಿ, 1952ರದ್ದು ಪೂರಾ ತಾಮ್ರ-ನಿಕ್ಕಲ್. ಇಸವಿ ಓದಿದರೆ ಸಾಕು. ಆದರೂ 1952ರದ್ದನ್ನು ಬೆಳ್ಳಿ ಅಂತ ಕೊಂಡವರು ನನಗೆ ಮೂವರು ಗೊತ್ತು.

ಗೋವಾದ್ದೇ ತಾಮ್ರದ ಚಿಲ್ಲರೆ ನಾಣ್ಯ, ಒಂದು ಕಾಲು ತಾಂಗಾ ಹಾಳು ಮಾಡಿದ್ದನ್ನೂ ಹೇಳಿಬಿಡುತ್ತೇನೆ. 1884ರದ್ದು, ಚಾಕಲೇಟ್ ಬಣ್ಣ. ಹಬ್ಬಕ್ಕೆ ದೀಪದ ಕಂಬ ತೊಳೆಯಲು ಹುಣಸೆಹಣ್ಣು ನೆನೆಸಿದ್ದರು. ಅದನ್ನೇ ಒಂದು ಚಿಟಿಕೆ ಹಚ್ಚಿ ಉಜ್ಜಿದೆ. ಫಳಫಳ ಅಂತು. ಏಳೆಂಟು ನೂರಕ್ಕೆ ಹೋಗಬೇಕಾದ ನಾಣ್ಯವನ್ನು ನೂರೈವತ್ತಕ್ಕೂ ಯಾರೂ ಕೇಳಲಿಲ್ಲ. ಆಮೇಲೆ ಬೇರೆ ಕೆಲವನ್ನು ತೆಂಗಿನೆಣ್ಣೆಯಲ್ಲಿ ಮೂರು ತಿಂಗಳು ನೆನೆಸಿಟ್ಟೆ. ಅಂಟಂಟಾಗಿ, ಮಾಸಲು ವಾಸನೆ ಬಂದವು. ನೀವು ಮಾಡಬೇಡಿ.

ಇನ್ನು ಬೆಲೆ. ಕ್ಯಾಟಲಾಗ್ ನೋಡಿ ಕೊಳ್ಳೋದನ್ನು ನಾನು ಬಿಟ್ಟೇ ಬಿಟ್ಟೆ. ಒಂದು ಉದ್ದನೆಯ ನೋಟ್‌ಬುಕ್ ಇದೆ. ಮಾರುವವರು ಕೇಳಿದ ಬೆಲೆಯನ್ನು ಅದರಲ್ಲಿ ಬರೆಯೋದಿಲ್ಲ, ಕೈ ಬದಲಾದ ಬೆಲೆ ಮಾತ್ರ. ಹರಾಜಿನದ್ದಾದರೆ ಕಮಿಷನ್, ತೆರಿಗೆ ಸೇರಿಸಿ ಕೊಂಡವನ ಜೇಬಿಂದ ಹೋದ ಮೊತ್ತ. ಪ್ರತಿ ನಾಣ್ಯಕ್ಕೂ ತಳದ ಬೆಲೆ ಅಂತ ಒಂದಿದೆ: 11.66 ಗ್ರಾಂ ರೂಪಾಯಿಯಲ್ಲಿ ಶುದ್ಧ ಬೆಳ್ಳಿ ಹೆಚ್ಚುಕಡಿಮೆ 10.7 ಗ್ರಾಂ, ಅದನ್ನು ಅವತ್ತಿನ ರೇಟಿಗೆ ಗುಣಿಸೋದು. ಅದರ ಮೇಲೆ ಎಷ್ಟು ಕೊಡಬಹುದು ಅನ್ನೋದನ್ನು ನೋಟ್‌ಬುಕ್ ಹೇಳುತ್ತದೆ. ನಮ್ಮ ಕಡೆ ಬಹಳಷ್ಟು ನಾಣ್ಯ ಸರಕ್ಕೆ ಪೋಣಿಸಿದ್ದವು. ಕೊಂಡಿ ಕಿತ್ತು ಉಜ್ಜಿರುತ್ತಾರೆ, ಹನ್ನೆರಡು ಗಂಟೆಯ ಜಾಗದಲ್ಲಿ ಬೆಸುಗೆಯ ಮಚ್ಚೆ ಉಳಿದಿರುತ್ತದೆ. ಅಂಥದ್ದಕ್ಕೆ ಅರ್ಧ ಬೆಲೆ, ಚೌಕಾಸಿ ಇಲ್ಲ. ಒಳ್ಳೆ 1882ರದ್ದನ್ನು 2,200ರ ಹತ್ತಿರಕ್ಕೆ ಮಾರಿದೆ, ಮಚ್ಚೆ ಇದ್ದದ್ದು 1,100ಕ್ಕೆ ಹೋಯಿತು.

ಹೋದ ವರ್ಷ ಒಬ್ಬ ಶೇಟ್ರು ಕರಗಿಸಲು ಇಟ್ಟಿದ್ದ ರಾಶಿಯಿಂದ 19 ಗೋವಾ ರೂಪಾಯಿ ಆರಿಸಿದೆ, ಬೆಳ್ಳಿ ರೇಟಿನ ಮೇಲೆ ತಲಾ ನೂರು ಜಾಸ್ತಿ ಕೊಟ್ಟು. ಅದರಲ್ಲಿ 1903, 1904ರ, ದೊರೆ ಕಾರ್ಲೊಸ್‌ನ ನಾಣ್ಯಗಳು ಬಹಳ ಚೆನ್ನಾಗಿದ್ದವು. ಒಂಬತ್ತು ಮಾರುವಷ್ಟರಲ್ಲಿ ಹಾಕಿದ ದುಡ್ಡು ಬಂತು, ಹತ್ತು ನನಗೆ ಪುಕ್ಕಟೆ ಉಳಿದವು. ಯಾವ ಊರಿನ ಯಾವ ಬೀದಿ ಅಂತ ಕೇಳಬೇಡಿ.

"ಕಾಕಾ, ಇವನ್ನು ಲಿಸ್ಬನ್ನಿಗೆ ಒಯ್ದರೆ ಜಾಸ್ತಿ ಬರುತ್ತದೆ" ಅಂದ ಅಣ್ಣನ ಮಗ. ಬೇಡಪ್ಪಾ ಅಂದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಲ್ಲಿ ಪುರಾತನ ವಸ್ತು, ದೇಶದಿಂದ ಹೊರಗೆ ಸಾಗಿಸುವ ಹಾಗಿಲ್ಲ. ಹಾಗಾಗಿ ಅಲ್ಲಿನ ಬೆಲೆ ನೋಡಿ ಇಲ್ಲಿ ಕೊಳ್ಳೋದು ದಡ್ಡತನ. ನಾನೂ ಒಂದು ವರ್ಷ ಆ ದಡ್ಡತನ ಮಾಡಿ ಆರೇಳು ಸಾವಿರ ಕಳೆದಿದ್ದೇನೆ.

ಈಗ ಕೈಯಲ್ಲಿ ಒಂದು ಬಜಾರುಕೊ ಇದೆ, ಪೋರ್ಚುಗೀಸರ ಹಳೇ ಚಿಲ್ಲರೆ ಕಾಸು. ಸತು-ತವರದ ಬೆರಕೆ, ಬೂದಿ ಬಣ್ಣ, ಅಂಚು ಉದುರುತ್ತಿದೆ. ಬೆರಕೆ ಒಂದೊಂದರಲ್ಲೂ ಒಂದೊಂದು ಥರ, ನನ್ನ ಭಾಗಾಕಾರ ಇಲ್ಲಿ ನಡೆಯೋದಿಲ್ಲ. ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ, ಇನ್ನೂ ನೀರು ತೋರಿಸಿಲ್ಲ.