ನಮ್ಮ ಶಾಲೆಯ ಆಟ ದೀಪಾವಳಿಗೆ ಮೊದಲೇ ಯಾಕೆ?

ನಮ್ಮ ಹೈಸ್ಕೂಲಿನ ವಾರ್ಷಿಕೋತ್ಸವ ಡಿಸೆಂಬರಿನಲ್ಲಿ. ಮಕ್ಕಳ ಯಕ್ಷಗಾನ (ನಮ್ಮ ಕಡೆ ಅದಕ್ಕೆ ಆಟ ಅಂತಲೇ ಹೆಸರು) ಮಾತ್ರ ದಸರಾ ರಜೆ ಮುಗಿದ ಕೂಡಲೇ, ದೀಪಾವಳಿಗೆ ಮೊದಲು. ಎರಡನ್ನೂ ಒಂದೇ ದಿನ ಇಟ್ಟರೆ ಶಾಮಿಯಾನದ ಖರ್ಚು ಉಳಿಯುತ್ತಲ್ವಾ ಅಂತ ಹೊಸ ಶಿಕ್ಷಕರು ಕೇಳುತ್ತಾರೆ. ಉಳಿಯುತ್ತೆ. ಆದರೆ ಪದ್ಯ ಹಾಡಿ ಆಟ ನಡೆಸುವ ಭಾಗವತರು ಸಿಗುವುದಿಲ್ಲ.

ಕುಂದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನವೆಂಬರಿನಲ್ಲಿ ಊರೂರು ತಿರುಗಾಟಕ್ಕೆ ಹೊರಟ ಮೇಳಗಳು, ಅಂದರೆ ಯಕ್ಷಗಾನ ತಂಡಗಳು, ಗೆಜ್ಜೆ ಬಿಚ್ಚುವುದು ಮೇ ಕೊನೆಗೆ. ಕಲಾವಿದರು ಮನೆಯಲ್ಲಿ ಸಿಗುವುದು ಮಳೆಗಾಲದಲ್ಲಿ ಮಾತ್ರ.

ನಾನು ಗಣಿತದ ಮಾಸ್ತರ. ಯಕ್ಷಗಾನ ನೋಡಿ ಗೊತ್ತು, ಕುಣಿದು ಗೊತ್ತಿಲ್ಲ. ಒಂದು ದಿನ ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚಿನ ಹುಡುಗ ಡೆಸ್ಕ್ ಬಡಿಯುತ್ತಿದ್ದ. ಬೈಯಲು ಹೋದವನು ಸುಮ್ನೆ ನಿಂತು ಎಣಿಸಿದೆ. ಏಳು, ಮತ್ತೆ ಏಳು. ಒಂದು ಸಲವೂ ತಪ್ಪಲಿಲ್ಲ. ತ್ರಿವುಡೆ ತಾಳ! ಅವನ ಅಪ್ಪ ಮೇಳದಲ್ಲಿ ಮದ್ದಳೆ ಬಾರಿಸುವವರು ಅಂತ ಆಮೇಲೆ ತಿಳಿಯಿತು. ಜೂನ್‌ನಲ್ಲಿ ಮನೆಗೆ ಹೋಗಿ, ಮಕ್ಕಳಿಗೆ ಯಕ್ಷಗಾನ ಕಲಿಸ್ತೀರಾ ಅಂತ ಕೇಳಿದೆ. "ಮಳಿಗಾಲ್ದಂಗೆ ನಾನ್ ಖಾಲಿಯೇ ಅಲ್ದಾ ಮಾಸ್ಟ್ರೇ, ಬತ್ತೆ" ಅಂದರು. ಹೆಜ್ಜೆ ಕಲಿಸಲು ಅವರೇ ಒಬ್ಬ ವೇಷಧಾರಿಯನ್ನೂ ಕರೆತಂದರು.

ಮಕ್ಕಳು ಆಟ ಆಡುವುದು ನಮ್ಮ ಕಡೆ ಹೊಸದೇನಲ್ಲ. ಸಾಲಿಗ್ರಾಮದಲ್ಲಿ 1975ರಲ್ಲೇ ಮಕ್ಕಳ ಮೇಳ ಕಟ್ಟಿದ್ದರು. ನನ್ನ ಹತ್ತಿರ ಇದ್ದದ್ದು ಒಂದು ಖಾಲಿ ಕೋಣೆ, ಅದಕ್ಕೆ ತಗಡಿನ ಮಾಡು. ಮಳೆ ಜೋರಾದರೆ ಮದ್ದಳೆ ಕೇಳುತ್ತಿರಲಿಲ್ಲ. ಆಗ ಹೆಜ್ಜೆ ನಿಲ್ಲಿಸಿ ಅರ್ಥ, ಅಂದರೆ ಪಾತ್ರದ ಮಾತು, ಬಾಯಿಪಾಠ.

ಅಭಿಮನ್ಯು ಕಾಳಗ ಪ್ರಸಂಗ (ಆಟದ ಕಥೆ) ಆರಿಸಿದ್ದಕ್ಕೆ ಕಾರಣ ತುಂಬಾ ಸರಳ. ಚಕ್ರವ್ಯೂಹದಲ್ಲಿ ಎಷ್ಟು ಮಕ್ಕಳನ್ನು ಬೇಕಾದರೂ ನಿಲ್ಲಿಸಬಹುದು. ದ್ರೋಣ, ಕರ್ಣ, ದುಶ್ಶಾಸನ, ಸೈಂಧವ ಅಂತ ಕೊಡುತ್ತಾ ಹೋದರೆ ಯಾರೂ ಅಳುವುದಿಲ್ಲ.

ಆಟದ ದಿನ ಬಾಡಿಗೆಗೆ ತಂದ ವೇಷದ ಪೆಟ್ಟಿಗೆ ತೆರೆದರೆ ಎಲ್ಲ ದೊಡ್ಡವರ ಅಳತೆ. ಎದೆಕಟ್ಟು ಹೊಟ್ಟೆ ಮುಟ್ಟುತ್ತಿತ್ತು. ಊರಿನ ಅಂಗಡಿಯ ಪಿನ್ನು ಪೂರ್ತಿ ಖಾಲಿ. ಅದಕ್ಕಿಂತ ದೊಡ್ಡ ತಪ್ಪು ನನ್ನದು. ತಡವಾಗುವುದು ಬೇಡ ಅಂತ ಅಭಿಮನ್ಯುವಿಗೇ ಮೊದಲು ತಲೆ, ಅಂದರೆ ಕಿರೀಟ, ಕಟ್ಟಿಸಿಬಿಟ್ಟೆ. ಆಟ ಎಂಟು ಗಂಟೆಗೆ, ಕಟ್ಟಿದ್ದು ಐದಕ್ಕೆ. ಏಳರ ಹೊತ್ತಿಗೆ ಹುಡುಗ ಬೆವೆತು, "ಸರ್, ತಲೆ ಸಿಡೀತಿದೆ" ಅಂದ. ಕೆನ್ನೆಯ ಬಣ್ಣದ ಮೇಲೆ ಕಣ್ಣೀರು ಗೆರೆ ಎಳೆದಿತ್ತು. ಕಟ್ಟು ಸಡಿಲ ಮಾಡಿಸಿದೆ.

ಸಡಿಲ ಮಾಡಿದ್ದಕ್ಕೆ ರಂಗದಲ್ಲಿ ದಂಡ ತೆತ್ತೆವು. ಮಂಡಿಯೂರಿ ತಿರುಗುವಾಗ ಕಿರೀಟ ಜಾರಿ ಕಿವಿಯ ಮೇಲೆ ಬಂತು. ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ನಿಂತ ನನಗೆ ಕೈಕಾಲೇ ಆಡಲಿಲ್ಲ. ಹುಡುಗ ಎಡಗೈಯಲ್ಲಿ ಕಿರೀಟ ಹಿಡಿದುಕೊಂಡು ದ್ರೋಣನ ಕಡೆ ತಿರುಗಿದ. "ಆಚಾರ್ಯರೇ, ಕಿರೀಟ ಹೋದರೂ ತಲೆ ಉಂಟು. ಬನ್ನಿ!" ನಾವು ಬರೆದುಕೊಟ್ಟ ಅರ್ಥದಲ್ಲಿ ಆ ಮಾತೇ ಇರಲಿಲ್ಲ. ಭಾಗವತರು ನಗು ತಡೆದುಕೊಂಡು ಪದ್ಯ ಎತ್ತಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಪ್ರತಿ ವರ್ಷ ಮಾಡಬೇಕು ಅಂತ ನಾನೇನೂ ಅಂದುಕೊಂಡಿರಲಿಲ್ಲ, ನಿಜ ಹೇಳಬೇಕಂದ್ರೆ ಸಾಕಾಗಿತ್ತು. ಮುಂದಿನ ಜೂನ್‌ನಲ್ಲಿ ಅಡ್ಮಿಷನ್‌ಗೆ ಬಂದ ತಾಯಿಯೊಬ್ಬರು ಫಾರ್ಮು ತುಂಬುತ್ತಲೇ, "ಈ ವರ್ಷ ಯಾವ ಪ್ರಸಂಗ ಸರ್?" ಅಂದರು. ಬಾಯಿಗೆ ಬಂದದ್ದು ಹೇಳಿದೆ: ಲವಕುಶ. ಅವರ ಮಗಳೇ ಕುಶನಾದಳು. ಅಲ್ಲಿಂದ ಪುರುಷವೇಷಕ್ಕೆ ಹುಡುಗಿಯರೇ ಜಾಸ್ತಿ.

ಈಗ ನಮ್ಮದೇ ಹತ್ತು ಜೊತೆ ಗೆಜ್ಜೆ ಇದೆ. ಬಣ್ಣ ಮಧ್ಯಾಹ್ನದಿಂದಲೇ ಶುರು, ತಲೆ ಕಟ್ಟುವುದು ಕೊನೆಗೆ, ಅದರಲ್ಲೂ ಮೊದಲು ರಂಗಕ್ಕೆ ಹೋಗುವವರಿಗೆ ಮೊದಲು. ಆ ಕಿರೀಟದ ಹುಡುಗ ಡಿಪ್ಲೊಮಾ ಮುಗಿಸಿ ಮಣಿಪಾಲದಲ್ಲಿ ಕೆಲಸಕ್ಕಿದ್ದಾನೆ. ಆಟದ ದಿನ ರಜೆ ಹಾಕಿ ಬರುತ್ತಾನೆ. ಚೌಕಿಯಲ್ಲಿ ಮಕ್ಕಳಿಗೆ ತಲೆ ಕಟ್ಟುವಾಗ ಪಕ್ಕದಲ್ಲೇ ಕೂತು ಪ್ರತಿಯೊಬ್ಬರನ್ನೂ ಕೇಳುತ್ತಾನೆ, "ಬಿಗಿ ಆಯ್ತಾ? ಸರಿಯಾಗಿ ಹೇಳು."