ಕಬ್ಬಿನ ಹಾಲು ಲೋಳೆಯಾಗುವುದು ಹೇಗೆ? ಮನೆಯಲ್ಲೇ ಮಾಡಿ ನೋಡಿ

ಕಡಿದ ಕಬ್ಬನ್ನು ಬೇಗ ಅರೆಯಬೇಕು. ಚನ್ನರಾಯಪಟ್ಟಣದ ಕಡೆಯ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಾರ್ಖಾನೆ ಮುಂದೆ ಲಾರಿ ನಿಂತಷ್ಟೂ ಕಬ್ಬು ಒಣಗಿ ತೂಕ ಇಳಿಯುತ್ತದೆ. ಇದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಇನ್ನೊಂದಿದೆ. ಕಡಿದ ತುದಿಯಿಂದ ಲ್ಯೂಕೋನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಒಳಗೆ ಸೇರಿಕೊಂಡು, ಸಕ್ಕರೆಯಿಂದ ಡೆಕ್ಸ್‌ಟ್ರಾನ್ ಎಂಬ ಲೋಳೆ ತಯಾರಿಸುತ್ತದೆ. ನಮ್ಮ ಇಡ್ಲಿ ಹಿಟ್ಟು ಉಬ್ಬಿಸುವುದರಲ್ಲೂ ಇದೇ ಬ್ಯಾಕ್ಟೀರಿಯಾದ ಕೈವಾಡವಿದೆ. ಅಲ್ಲಿ ಒಳ್ಳೆಯದು, ಇಲ್ಲಿ ತಲೆನೋವು.

ಲೋಳೆ ನೇಯುವುದು ಅದರ ಒಂದು ಕಿಣ್ವ, ಅಂದರೆ ರಾಸಾಯನಿಕ ಕ್ರಿಯೆ ನಡೆಸಿಕೊಡುವ ಪ್ರೋಟೀನ್ (ಎಂಜೈಮ್). ಹೆಸರು ಡೆಕ್ಸ್‌ಟ್ರಾನ್‌ಸುಕ್ರೇಸ್. ಹೆಸರು ಉದ್ದವಾದರೂ ಅದರ ಕೆಲಸ ನೋಡಲು ಲ್ಯಾಬ್ ಬೇಡ.

ಹಾಸನದ ಯಾವುದಾದರೂ ಗಾಣದ ಅಂಗಡಿಯಿಂದ ಅರ್ಧ ಲೀಟರ್ ಕಬ್ಬಿನ ಹಾಲು ತನ್ನಿ. ನಿಂಬೆ, ಶುಂಠಿ, ಐಸ್ ಹಾಕಿಸಬೇಡಿ. ನಿಂಬೆಹುಳಿ ಬಿದ್ದರೆ ಕಿಣ್ವದ ಕೆಲಸ ಕುಂಟುತ್ತದೆ. ಈ ಕಿಣ್ವಕ್ಕೆ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5ರಿಂದ 5.5 ಹಿತ. ತಾಜಾ ಕಬ್ಬಿನ ಹಾಲಿನ ಪಿಎಚ್ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಹೇಳಿ ಮಾಡಿಸಿದ ಜಾಗ ಅಲ್ವಾ?

ಹಾಲನ್ನು ಬಟ್ಟೆಯಲ್ಲಿ ಸೋಸಿ. ಅರ್ಧವನ್ನು ಹಾಗೇ ಒಂದು ಗಾಜಿನ ಬಾಟಲಿಗೆ ಸುರಿಯಿರಿ. ಉಳಿದರ್ಧವನ್ನು ಹತ್ತು ನಿಮಿಷ ಕುದಿಸಿ, ಕುದಿನೀರಲ್ಲಿ ತೊಳೆದ ಇನ್ನೊಂದು ಬಾಟಲಿಗೆ ಹಾಕಿ. ಎರಡಕ್ಕೂ ಮುಚ್ಚಳವಿರಲಿ, ಆದರೆ ಬಿಗಿಯಬೇಡಿ. ಹುದುಗುವಾಗ ಗ್ಯಾಸ್ ಬರುತ್ತದೆ, ಬಾಟಲಿ ಸಿಡಿದೀತು.

ಬಿಸಿಲಿಗಿಡದೆ ಅಡುಗೆಮನೆಯ ಮೂಲೆಯಲ್ಲಿಡಿ. ಇದಕ್ಕೆ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಸಾಕು, ಹಾಸನದ ಹವೆಯಲ್ಲಿ ತೊಂದರೆಯಿಲ್ಲ. ಡಿಸೆಂಬರ್ ಚಳಿಯಲ್ಲಾದರೆ ಒಲೆಯ ಹತ್ತಿರ ಇಡಿ.

ಒಂದೆರಡು ದಿನ ಬಿಟ್ಟು ಚಮಚದಲ್ಲಿ ಎತ್ತಿ ನೋಡಿ. ಹಸಿ ಹಾಲು ಮಂದವಾಗಿ, ಬೆಂಡೆಕಾಯಿ ಲೋಳೆಯಂತೆ ಎಳೆ ಬರಬೇಕು. ಕುದಿಸಿದ್ದು ನೀರಾಗಿಯೇ ಇರುತ್ತದೆ. ಕುದಿಸಿದಾಗ ಬ್ಯಾಕ್ಟೀರಿಯಾ ಸತ್ತಿತು, ಕಿಣ್ವವಿದ್ದರೆ ಅದೂ ಕೆಟ್ಟಿತು. ವಾರಗಟ್ಟಲೆ ಇಟ್ಟರೆ ಲೋಳೆ ಜಾಸ್ತಿಯಾಗುತ್ತದೆ ಅಂದುಕೊಳ್ಳಬೇಡಿ. ಹುಳಿ ಏರಿದಂತೆ ಕಿಣ್ವ ಸೋಲುತ್ತದೆ, ಬರೀ ಹೆಂಡದ ವಾಸನೆ ಉಳಿಯುತ್ತದೆ. ಯಾವುದನ್ನೂ ಕುಡಿಯಬೇಡಿ, ಬೇರೆ ಏನೇನು ಬೆಳೆದಿದೆಯೋ ಹೇಳಲಾಗದು.

ಎಳೆ ಸರಿಯಾಗಿ ಬರದಿದ್ದರೆ ಇನ್ನೊಂದು ಪರೀಕ್ಷೆ ಇದೆ. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ತನ್ನಿ. ಎರಡು ಲೋಟದಲ್ಲಿ ಎರಡೂ ಬಾಟಲಿಯ ಹಾಲು ಹಾಕಿ, ಅಷ್ಟೇ ಆಲ್ಕೋಹಾಲ್ ಬೆರೆಸಿ. ಕುದಿಸಿದ್ದರಲ್ಲೂ ತುಸು ಮಬ್ಬು ಕಾಣಬಹುದು, ಕಬ್ಬಿನಲ್ಲಿ ಬೇರೆ ಪದಾರ್ಥಗಳೂ ಇವೆ. ಲೋಳೆ ಇರುವುದರಲ್ಲಿ ಬಿಳಿ ಮಬ್ಬು ದಟ್ಟವಾಗಿ ಏಳುತ್ತದೆ. ಸಕ್ಕರೆ ಕಾರ್ಖಾನೆಗಳಲ್ಲಿ ಡೆಕ್ಸ್‌ಟ್ರಾನ್ ಪತ್ತೆಗೂ ಇದೇ ಉಪಾಯ ಬಳಸುತ್ತಾರೆ. ಒಲೆ, ಬೆಂಕಿ ಹತ್ತಿರ ಮಾತ್ರ ಇದನ್ನು ಮಾಡಬೇಡಿ.

ನನಗೆ ತುಂಬ ಇಷ್ಟವಾದ ಭಾಗ ಮುಂದಿನದು. ಒಂದು ಹಿಡಿ ಎಲೆಕೋಸು ಹೆಚ್ಚಿ, ಅರ್ಧ ಲೀಟರ್ ನೀರಲ್ಲಿ ಹತ್ತು ನಿಮಿಷ ಕುದಿಸಿ, ಸೋಸಿ ಆರಿಸಿ. ಎರಡು ಬಾಟಲಿಗೆ ಸಮನಾಗಿ ಹಂಚಿ. ಒಂದಕ್ಕೆ ಎರಡು ದೊಡ್ಡ ಚಮಚ ಸಕ್ಕರೆ, ಇನ್ನೊಂದಕ್ಕೆ ಅಷ್ಟೇ ಸಾದಾ ಗ್ಲೂಕೋಸ್ ಪುಡಿ. ಪೊಟ್ಟಣದ ಮೇಲೆ ಓದಿ ನೋಡಿ, ಸುಕ್ರೋಸ್ (ಅಂದರೆ ನಮ್ಮ ಮಾಮೂಲಿ ಸಕ್ಕರೆ) ಬೆರೆತಿರಬಾರದು. ಎರಡಕ್ಕೂ ಲೋಳೆ ಹಾಲಿನ ನಾಲ್ಕೈದು ಹನಿ ಬಿಡಿ. ಬ್ಯಾಕ್ಟೀರಿಯಾ ಎರಡರಲ್ಲೂ ಬೆಳೆಯುತ್ತದೆ, ಎರಡೂ ಹುಳಿಯಾಗುತ್ತವೆ. ಲೋಳೆ ಚೆನ್ನಾಗಿ ಬರುವುದು ಸಕ್ಕರೆಯದರಲ್ಲಿ.

ಏಕೆ? ಡೆಕ್ಸ್‌ಟ್ರಾನ್ ಅಂದರೆ ಗ್ಲೂಕೋಸ್‌ಗಳ ಸರಪಳಿ. ಗ್ಲೂಕೋಸ್ ಕೊಟ್ಟರೆ ಸಾಲದೇ ಅನ್ನಿಸುತ್ತದೆ. ಸಾಲದು. ಸಕ್ಕರೆಯಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಆ ಗಂಟು ಬಿಚ್ಚಿದಾಗ ಸಿಗುವ ಶಕ್ತಿಯಿಂದಲೇ ಕಿಣ್ವ ಗ್ಲೂಕೋಸನ್ನು ಸರಪಳಿಗೆ ಸೇರಿಸುತ್ತದೆ, ಫ್ರಕ್ಟೋಸನ್ನು ಬಿಟ್ಟುಬಿಡುತ್ತದೆ. ಹಾಗಾಗಿ 100 ಗ್ರಾಂ ಸಕ್ಕರೆ ಪೂರ್ತಿ ಖರ್ಚಾದರೂ ಡೆಕ್ಸ್‌ಟ್ರಾನ್ ಸುಮಾರು 47 ಗ್ರಾಂ ದಾಟುವುದಿಲ್ಲ.

ಈ ಕೆಲಸಕ್ಕೆ ಜೀವಕೋಶದ ಇಂಧನ ಬೇಡ, ಜೀವಕೋಶವೇ ಬೇಡ. ಕಿಣ್ವ ಹೊರಗೆ ಬಂದು ರಸದಲ್ಲೇ ಕೆಲಸ ಮಾಡುತ್ತದೆ. 1941ರಲ್ಲಿ ಎಡ್ವರ್ಡ್ ಹೆಹ್ರೆ ಎಂಬ ಅಮೆರಿಕದ ವಿಜ್ಞಾನಿ, ಬ್ಯಾಕ್ಟೀರಿಯಾ ತೆಗೆದುಹಾಕಿದ ರಸದಲ್ಲೂ ಸಕ್ಕರೆಯಿಂದ ಡೆಕ್ಸ್‌ಟ್ರಾನ್ ಆಗುವುದನ್ನು ತೋರಿಸಿದರು. ಇದೇ ಡೆಕ್ಸ್‌ಟ್ರಾನನ್ನು ಶುದ್ಧ ಮಾಡಿ, ರಕ್ತ ಜಾಸ್ತಿ ಹೋದವರಿಗೆ ಡ್ರಿಪ್ ಆಗಿ ಕೊಟ್ಟದ್ದೂ ಉಂಟು.

ಕಾರ್ಖಾನೆಯವರಿಗೆ ಮಾತ್ರ ಇದರ ಮೇಲೆ ಪ್ರೀತಿಯಿಲ್ಲ. ರಸ ಮಂದವಾಗಿ ಸೋಸುವುದು ನಿಧಾನವಾಗುತ್ತದೆ, ಸಕ್ಕರೆ ಹರಳು ಸೂಜಿಯಂತೆ ಉದ್ದುದ್ದ ಬೆಳೆಯುತ್ತದೆ. ಗಾಣ ಇಟ್ಟವರಿಗೂ ಒಂದು ಮಾತು: ದಿನದ ವ್ಯಾಪಾರ ಮುಗಿದ ಮೇಲೆ ಉರುಳೆಗೆ ತಣ್ಣೀರು ಚಿಮುಕಿಸಿದರೆ ಸಾಲದು. ಸಿಪ್ಪೆ ಕೆರೆದು ತೆಗೆದು, ಕುದಿನೀರು ಸುರಿಯಿರಿ.